ಒಂದೇ ಸಮನೆ ಬಡಿದ ಎದೆ

ಗಾಜಿನ ಬಳೆ ತೊಡಿಸಿಕೊಳ್ಳುವಾಗ ಕೈ ಸಡಿಲ ಬಿಡಬೇಕು, ಬಿಗಿ ಹಿಡಿದಷ್ಟೂ ಒಡೆಯುತ್ತವೆ ಎಂದು ಶಿವಾಜಿನಗರದ ಬಳೆಗಾರ್ತಿ ನನ್ನ ತಂಗಿ ರೇಣುಕಾಗೆ ನಗುನಗುತ್ತ ಹೇಳಿದ್ದಳು. ಕಲಬುರಗಿ ಕಡೆಯವರಾದ ನಮಗೆ ಬಸುರಿಗೆ ಮಾಡುವ ಕುಬಸದ ಶಾಸ್ತ್ರವೆಂದರೆ ಹಸಿರು ಸೀರೆ, ಮುಂಗೈ ತುಂಬ ಹಸಿರು ಬಳೆ. ಹಲಸೂರಿನ ನಮ್ಮ ಬಾಡಿಗೆ ಕೋಣೆಯಲ್ಲಿ ನಾಲ್ಕು ಜನ ಕೂತರೆ ಐದನೆಯವರಿಗೆ ಹೊಸ್ತಿಲೇ ಗತಿ. ಆದರೂ ಆರತಿ ಬೆಳಗಿದೆವು, ಹಾಡಿದೆವು. ಬಳೆಯ ಸದ್ದು ಒಳಗಿನ ಕೂಸಿಗೆ ಕೇಳಿಸುತ್ತದೆಂದು ನಮ್ಮವರ ನಂಬಿಕೆ. ನಂಬಿಕೆಗೇನು ಗೆಳೆಯರೇ, ಅದಕ್ಕೆ ಎಷ್ಟು ಸಣ್ಣ ಕೋಣೆಯೂ ಸಾಕು.

ಎಂಟು ತಿಂಗಳು ತುಂಬಿದ ಮೇಲೆ ಕೂಸು ಒದೆಯುವುದು ಕಡಿಮೆಯಾಗಿದೆ ಎಂದಳು ರೇಣುಕಾ. ಆಸ್ಪತ್ರೆಗೆ ಕರೆದೊಯ್ದೆ. ಹೊಟ್ಟೆಗೆ ಪಟ್ಟಿ ಕಟ್ಟಿ ಯಂತ್ರ ಹಚ್ಚಿದರು. ಕೂಸಿನ ಎದೆಬಡಿತ ಕೋಣೆ ತುಂಬಿತು, ಕಾಗದದ ಮೇಲೆ ಗೆರೆ ನೆಟ್ಟಗೆ ಸಾಗಿತು. ನಮಗೋ ಖುಷಿಯೋ ಖುಷಿ.

"ಅಕ್ಕಾ, ಎಷ್ಟ್ ಚಂದ ಒಂದೇ ಸಮ ಬಡೀಲಾಕತ್ತದ ನೋಡು!" ಎಂದಳು ರೇಣುಕಾ.

ನರ್ಸಮ್ಮನ ಮುಖ ಮಾತ್ರ ಅರಳಲಿಲ್ಲ. "ಆ ಬಳೆ ಸ್ವಲ್ಪ ಜೋರಾಗಿ ಅಲ್ಲಾಡ್ಸಮ್ಮ. ಮಗು ಮಲಗಿದ್ರೆ ಎದ್ದೇಳುತ್ತೇನೋ ನೋಡೋಣ."

ರೇಣುಕಾ ಎರಡೂ ಕೈ ಹೊಟ್ಟೆಯ ಮೇಲೆ ತಂದು ಬಳೆ ಕುಲುಕಿದಳು. ಮತ್ತೆ ಕುಲುಕಿದಳು. ಗೆರೆ ಮಿಸುಕಲಿಲ್ಲ.

ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ, ಹೊಕ್ಕುಳಬಳ್ಳಿಯಲ್ಲಿ ರಕ್ತ ಹರಿಯುವುದು ತೀರ ಕಡಿಮೆಯಾಗಿದೆ ಎಂದರು. "ಮಗು ಚೆನ್ನಾಗಿದ್ರೆ ಹಾರ್ಟ್‌ಬೀಟ್ ಏರ್ತಾ ಇಳೀತಾ ಇರುತ್ತಮ್ಮ, ಹೀಗೆ ಒಂದೇ ಸಮ ಇರಲ್ಲ. ಸುಸ್ತಾಗಿದೆ ಅದು. ಈಗ್ಲೇ ಆಪರೇಷನ್ ಮಾಡ್ಬೇಕು."

ಹೊರಗೆ ಬೆಂಚಿನ ಮೇಲೆ ಕೂತು ಯೋಚಿಸಿದೆ. ತಾಯಿಯ ರಕ್ತವೇ ಕೂಸಿನ ಮೈಯಲ್ಲೂ ಓಡುತ್ತದೆಂದು ತಿಳಿದಿದ್ದೆ. ಡಾಕ್ಟರಮ್ಮ ಹೇಳಿದ ಹಾಗೆ, ಇಬ್ಬರ ರಕ್ತ ಬೆರೆಯುವುದೇ ಇಲ್ಲವಂತೆ. ನಮ್ಮ ವಠಾರದ ಅಕ್ಕಪಕ್ಕದ ಅಡುಗೆಮನೆಗಳ ಹಾಗೆ ನಡುವೆ ಹೊಕ್ಕುಳಬಳ್ಳಿ ಬೇರೂರಿದ ಮಾಸಿನದೊಂದು ತೆಳು ಗೋಡೆ, ಅಲ್ಲಿಂದಲೇ ಕೊಟ್ಟು ತೆಗೆದುಕೊಂಡು ಒಂದು ಜೀವ ಇನ್ನೊಂದನ್ನು ಸಾಕುತ್ತದೆ. ಕೊಡುವ ಆಸೆ ಬೆಟ್ಟದಷ್ಟಿದ್ದರೂ ದಾರಿಯೇ ಕಿರಿದಾದರೆ ಹೆತ್ತವಳು ಏನು ಮಾಡಿಯಾಳು, ನೀವೇ ಹೇಳಿ. ಏರಿಳಿತವಿಲ್ಲದ ಬದುಕು ಕೊಡಪ್ಪಾ ಎಂದು ಕಂಡ ಕಂಡ ದೇವರಿಗೆಲ್ಲ ಕೈಮುಗಿಯುವವರು ನಾವು. ಎದೆಗೆ ಬೇಕಾದದ್ದು ಏರಿಳಿತವೇ ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗಂಡುಕೂಸು. ಒಂದು ಹಗಲು ಉಸಿರಾಡಿತು, ಅಷ್ಟೇ.

ಮರುದಿನ ರೇಣುಕಾ ವಾರ್ಡಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪರದೆಯ ಆಚೆ ಇನ್ನೊಬ್ಬ ಬಸುರಿಗೆ ಯಂತ್ರ ಹಚ್ಚಿದ್ದರು. ಆ ಕೂಸಿನ ಎದೆ ಒಮ್ಮೆ ಓಡುತ್ತ, ಒಮ್ಮೆ ನಿಧಾನಿಸುತ್ತ, ಮತ್ತೆ ಓಡುತ್ತಿತ್ತು.

"ಏನ್ರೀ ಇದು, ಒಂದೊಂದ್ಸಲ ಒಂದೊಂದ್ ಥರ ಹೊಡ್ಕೊಳ್ತಿದೆ?" ಎಂದು ಆ ಹೆಂಗಸು ಗಾಬರಿಯಿಂದ ಗಂಡನನ್ನು ಕೇಳಿದಳು.

ರೇಣುಕಾ ಮೆಲ್ಲಗೆ ಈಚೆ ಹೊರಳಿದಳು. ಪರದೆಯತ್ತ ನೋಡಿ ಹೇಳಿದಳು:

"ಅಂಜಬ್ಯಾಡ್ರಿ ಅಕ್ಕಾ. ಕೂಸು ಆರಾಮದ. ಹಾಂಗೇ ಬಡೀಬೇಕದು."