ಕೆರೆಗೆ ಕೀರ್ತನೆ ಬರೆದ ಮೇಷ್ಟ್ರು

ನಮ್ಮ ಸಂಗೀತದ ಮೇಷ್ಟ್ರ ಪಂಚೆ ಬಲತೊಡೆಯ ಮೇಲೆ ಮಾತ್ರ ಸವೆದಿರುತ್ತಿತ್ತು. ಉಳಿದ ಕಡೆಯೆಲ್ಲ ನೀಲಿ ಹಾಕಿ ಒಗೆದ ಗಟ್ಟಿ ಬಟ್ಟೆ. ತೊಡೆಯ ಮೇಲೆ ಅಂಗೈಯಗಲದ ಜಾಗದಲ್ಲಿ ನೂಲು ತೆಳುವಾಗಿ ಒಳಗಿನ ಚರ್ಮ ಕಾಣುತ್ತಿತ್ತು. ರೈಲಿನಲ್ಲಿ ಕೂತರೂ, ಕಾಫಿಗೆ ಕಾಯುತ್ತಿದ್ದರೂ ಅವರ ಕೈ ತಾಳ ಹಾಕುವುದನ್ನು ಬಿಡುತ್ತಿರಲಿಲ್ಲ. ಅವರ ಹೆಂಡತಿ ಅಲ್ಲಿಗೊಂದು ತೇಪೆ ಹಾಕಿಕೊಟ್ಟರೆ ತಾಳದ ಸದ್ದು ಕೆಡುತ್ತದೆ ಎಂದು ಬಿಚ್ಚಿಸಿಬಿಟ್ಟಿದ್ದರಂತೆ.

ಐವತ್ತರ ದಶಕದ ಮಾತು. ನಮ್ಮಪ್ಪ ತುಮಕೂರಿನ ಕೋರ್ಟಿನಲ್ಲಿ ಶಿರಸ್ತೇದಾರರು, ಮನೆ ಚಿಕ್ಕಪೇಟೆಯಲ್ಲಿ. ಮೇಷ್ಟ್ರು ಮಂಗಳವಾರ ಮತ್ತು ಶುಕ್ರವಾರ ಗುಬ್ಬಿಯಿಂದ ರೈಲಿನಲ್ಲಿ ಬಂದು ನನಗೂ ನನ್ನ ತಂಗಿಗೂ ಪಾಠ ಹೇಳಿ ಹೋಗುತ್ತಿದ್ದರು. ಊರಿನವರ ಕಣ್ಣಿಗೆ ಅವರು ಮನೆಪಾಠದ ಮೇಷ್ಟ್ರು, ಅಷ್ಟೇ. ಅವರು ತಾವೇ ಪದ ಬರೆದು ತಾವೇ ರಾಗ ಕೂಡಿಸುವ ವಾಗ್ಗೇಯಕಾರರು ಎಂದು ಬಹಳ ದಿನ ಗೊತ್ತಿದ್ದವರು ಇಬ್ಬರೇ: ಅವರ ಹೆಂಡತಿ ಮತ್ತು ನಾನು. ಗೊತ್ತಿದ್ದೂ ನಾನು ಮಾಡಿದ್ದೇನು ಎನ್ನುವುದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಇಪ್ಪತ್ತಕ್ಕೂ ಮಿಕ್ಕಿ ಕೃತಿಗಳನ್ನು ರಚಿಸಿದ್ದರು. ಒಂದರಲ್ಲೂ ದೇವರಿರಲಿಲ್ಲ. ಭೈರವಿಯಲ್ಲಿ ರಾಗಿಕಲ್ಲಿನ ಮೇಲೊಂದು, ಕಾಂಬೋಧಿಯಲ್ಲಿ ಸ್ಟೇಷನ್ನಿನಲ್ಲಿ ರೈಲು ಕಾಯುವವರ ಮೇಲೊಂದು. ಹಾಗೆಂದು ನಾಸ್ತಿಕರೇನಲ್ಲ, ಸಂಧ್ಯಾವಂದನೆ ತಪ್ಪಿಸಿದವರಲ್ಲ. ನಾನೊಮ್ಮೆ ಕೇಳಿಯೇಬಿಟ್ಟೆ. “ದೇವರ ಮೇಲೆ ಬೇಕಾದಷ್ಟು ಜನ ಬರ್ದವ್ರೆ ಕಣಮ್ಮ. ನಮ್ಮಮ್ಮ ದಿನಾ ನೀರು ತರ್ತಿದ್ದ ಕೆರೆ ಮೇಲೆ ಕೀರ್ತನೆ ಯಾರು ಬರ್ದವ್ರೆ?” ಎಂದರು. ಅವರ ಹುಟ್ಟೂರು ಕುಣಿಗಲ್ಲು.

ಆ ಕೆರೆಯ ಮೇಲಿನ ಕೃತಿಗೆ ಅವರು ಒಂದು ವರ್ಷ ತೆಗೆದುಕೊಂಡರು. ಸಾವೇರಿ ರಾಗ, ಮಿಶ್ರಛಾಪು ತಾಳ. ತುಂಬಿದ ಕೊಡ ಹೊತ್ತ ಹೆಂಗಸು ಸಮನಾಗಿ ಹೆಜ್ಜೆ ಹಾಕುವುದಿಲ್ಲ, ಮೂರು ಎಣಿಕೆ ಒಂದು ಕಡೆಗೆ, ನಾಲ್ಕು ಇನ್ನೊಂದು ಕಡೆಗೆ ತೂಗುತ್ತಾಳೆ, ಅದಕ್ಕೇ ಈ ತಾಳ ಎನ್ನುತ್ತಿದ್ದರು.

*ಕೆರೆಯೇ ನಿನ್ನ ಬಳಿಗೆ ಬಂದೆ*
*ಬರಿಯ ಕೊಡವ ಹೊತ್ತು ನಿಂದೆ*

ಇದು ಪಲ್ಲವಿ. ಅವರ ಕ್ರಮವೇ ಬೇರೆ. ಯಾವ ಸಾಲನ್ನೂ ಮೊದಲೇ ಹಾಡಲು ಬಿಡುತ್ತಿರಲಿಲ್ಲ. ನೆರೆಯವರ ಹತ್ತಿರ ಮಾತಾಡುವ ಹಾಗೆ ಅದನ್ನು ಹೇಳಿಸುತ್ತಿದ್ದರು. “ಮೊದಲು ಮಾತಾಡು, ಆಮೇಲೆ ಹಾಡು. ಕೆರೆ ಅಂದ್ರೆ ಬಾಯಿ ಒದ್ದೆ ಆಗ್ಬೇಕು.” ಹದಿನೈದು ದಿನ ನಾನು ಬರೀ ಕೆರೆಯೇ, ಕೆರೆಯೇ ಎಂದು ಮಾತಾಡಿದ್ದೇನೆ. ಅಮ್ಮ ಅಡುಗೆಮನೆಯಿಂದ ಇವಳಿಗೆ ಏನಾಗಿದೆಯೋ ಎಂದು ಗೊಣಗುತ್ತಿದ್ದರು.

ನನಗೆ ಹದಿನೇಳಾದ ವರ್ಷ ರಾಮೋತ್ಸವದಲ್ಲಿ ದೊಡ್ಡ ವಿದ್ವಾಂಸರ ಕಚೇರಿಗೆ ಮೊದಲು ಅರ್ಧ ಗಂಟೆ ಹಾಡುವ ಅವಕಾಶ ಬಂತು. ಕೆರೆಯ ಕೃತಿಯನ್ನು ಹಾಡುವುದು, ರಚನೆ ಯಾರದೆಂದು ಹೆಸರು ಹೇಳಿಸುವುದು ಎಂದು ಗೊತ್ತುಮಾಡಿದೆವು. ಮೇಷ್ಟ್ರು ಯಾವತ್ತೂ ಏನನ್ನೂ ಕೇಳಿದವರಲ್ಲ. ಆ ಸಲ ಮಾತ್ರ, ಹೆಸರನ್ನು ಹಾಡಿನ ಮುಂಚೆ ಹೇಳುತ್ತಾರೋ ಆಮೇಲೋ ಎಂದು ಎರಡು ಸಲ ಕೇಳಿದರು. ಐವತ್ತು ದಾಟಿದ ಮನುಷ್ಯ, ಜೀವಮಾನದಲ್ಲಿ ಮೊದಲ ಸಲ ತನ್ನ ಹೆಸರನ್ನು ಸಭೆಯಲ್ಲಿ ಕೇಳಿಸಿಕೊಳ್ಳುವವರಿದ್ದರು.

ಉತ್ಸವಕ್ಕೆ ಎರಡು ದಿನ ಇರುವಾಗ ಸಮಿತಿಯ ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದರು. ರಿಟೈರಾದ ಅಮಲ್ದಾರರು, ಅವರು ಬಂದರೆ ಅಪ್ಪ ಕುರ್ಚಿ ಬಿಟ್ಟು ಏಳುತ್ತಿದ್ದರು. ರಾಮನ ಚಪ್ಪರದಲ್ಲಿ ಕೆರೆಯ ಮೇಲೆ ಹಾಡುವುದೇ, ಜನ ನಗುವುದಿಲ್ಲವೇ ಎಂದು ಶುರುಮಾಡಿ, ಕಾಫಿ ಮುಗಿಯುವಷ್ಟರಲ್ಲಿ ಪರಿಹಾರವನ್ನೂ ಹೇಳಿದರು.

“ಕೆರೆ ಅನ್ನೋ ಕಡೆ ಹರಿ ಅಂದ್ಬಿಟ್ರೆ ಆಯ್ತು ಶಿರಸ್ತೇದಾರ್ರೇ. ತಾಳಾನೂ ತಪ್ಪಲ್ಲ, ಪ್ರಾಸಾನೂ ಕೆಡಲ್ಲ.”

ನಿಜ, ಕೆಡಲಿಲ್ಲ. ಅದೇ ನನ್ನ ಹೊಟ್ಟೆ ಉರಿಸುವುದು. ಪ್ರಾಸ ಕೆಟ್ಟಿದ್ದರೆ ನಾನಾದರೂ ಆಗುವುದಿಲ್ಲ ಎನ್ನುತ್ತಿದ್ದೆನೋ ಏನೋ. ಹರಿಯೇ, ಬರಿಯ, ಎರಡನೆಯ ಅಕ್ಷರ ಮೊದಲಿಗಿಂತ ಚೆನ್ನಾಗಿಯೇ ಕೂತಿತು. ಹೆಸರು ಹೇಳುವ ಮಾತಿಗೆ, ದೇವರ ನಾಮಕ್ಕೆ ಬದುಕಿರುವವರ ಹೆಸರು ಯಾಕೆ ಎಂದು ಅಮಲ್ದಾರರು ನಕ್ಕರು. ಅಪ್ಪ ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಯಾರೂ ನನ್ನನ್ನು ಹೊಡೆಯಲಿಲ್ಲ, ಬಡಿಯಲಿಲ್ಲ. ವೇದಿಕೆ ತಪ್ಪಿಹೋಗಬಾರದೆಂಬ ಆಸೆಬುರುಕತನಕ್ಕೆ ಹೂಂ ಎಂದೆ. ಮೇಷ್ಟ್ರಿಗೆ ಮುಂಚಿತವಾಗಿ ತಿಳಿಸುವ ಧೈರ್ಯವೂ ಆಗಲಿಲ್ಲ.

ಅವರು ಹೆಂಡತಿಯನ್ನು ಕರೆದುಕೊಂಡು ಬಂದು ಚಪ್ಪರದ ಮಧ್ಯದಲ್ಲಿ ಕೂತಿದ್ದರು. ನಾನು ಹರಿಯೇ ಎಂದೆ. ತೊಡೆಯ ಮೇಲಿನ ಕೈ ನಿಂತಿತು. ಹಾಡು ಮುಗಿಯುವವರೆಗೂ ಅದು ಮತ್ತೆ ಏಳಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅಮಲ್ದಾರರು ಎದ್ದು ನಿಂತು, ನಮ್ಮ ಹಳೆಯ ದಾಸರ ಪದವನ್ನು ಈ ಮಗು ಎಷ್ಟು ಭಕ್ತಿಯಿಂದ ಹಾಡಿತು ಎಂದರು. ಗೊತ್ತಿದ್ದೂ ಹೇಳಿದ ಮಾತು ಅದು. ನಾನು ವೇದಿಕೆಯ ಮೇಲೆ ಕೈಮುಗಿದುಕೊಂಡು ಕೂತಿದ್ದೆ.

ಕೆಳಗಿಳಿದು ಕಾಲಿಗೆ ಬೀಳಲು ಹೋದಾಗ ಮೇಷ್ಟ್ರು ಕಾಲು ಹಿಂದಕ್ಕೆಳೆದುಕೊಂಡರು. ಕೂಗಾಡಿದ್ದರೆ ಎಷ್ಟೋ ವಾಸಿಯಾಗಿತ್ತು. ಮೆಲ್ಲಗೆ ಕೇಳಿದರು: “ಬರೀ ಕೊಡ ಹೊತ್ಕೊಂಡು ಅವಳು ಹರಿ ಹತ್ರ ಯಾಕಮ್ಮ ಹೋಗ್ತಾಳೆ? ಅವಳಿಗೆ ಬೇಕಾಗಿರೋದು ನೀರು.”

ಮುಂದಿನ ಮಂಗಳವಾರವೂ ಪಾಠಕ್ಕೆ ಬಂದರು, ಒಂದು ನಿಮಿಷ ತಡವಾಗಲಿಲ್ಲ. ಮತ್ತೆ ಎರಡು ವರ್ಷ ಕಲಿಸಿದರು. ಎಲ್ಲರ ಕೃತಿಗಳನ್ನೂ ಹೇಳಿಕೊಟ್ಟರು, ತಮ್ಮದೊಂದನ್ನೂ ಹೇಳಿಕೊಡಲಿಲ್ಲ. ಕೇಳಿದರೆ, ನನ್ನದು ಸಾಕು ಬಿಡು ಎನ್ನುತ್ತಿದ್ದರು. ಒಮ್ಮೆ ಅಮಲ್ದಾರರ ಮನೆಗೆ ಹೋಗಿ, ಆ ಹಾಡು ದಾಸರದ್ದಲ್ಲ, ನನ್ನದು ಎಂದು ಹೇಳಿದರಂತೆ. ಹಾಗಾದರೆ ಅದರಲ್ಲಿ ನಿಮ್ಮ ಅಂಕಿತ ಎಲ್ಲಿದೆ ಎಂದು ಅಮಲ್ದಾರರು ಕೇಳಿದರಂತೆ. ದಾಸರೆಲ್ಲ ಕೊನೆಯ ಸಾಲಿನಲ್ಲಿ ಒಂದು ಹೆಸರಿಟ್ಟು ಗುರುತು ಬಿಡುತ್ತಾರಲ್ಲ, ಅದು. ಮೇಷ್ಟ್ರು ಅಂಥದ್ದೇನೂ ಇಟ್ಟಿರಲಿಲ್ಲ. ಕೆರೆಯೇ ನನ್ನ ಅಂಕಿತ ಎಂದು ಹೇಳಿ ಎದ್ದು ಬಂದರಂತೆ. ಇದನ್ನು ಅಮಲ್ದಾರರೇ ನಮ್ಮ ಮನೆಯ ಜಗಲಿಯಲ್ಲಿ ಕೂತು ತಮಾಷೆಯಾಗಿ ವರ್ಣಿಸಿದರು. ನಮ್ಮಪ್ಪನೂ ನಕ್ಕರು. ಸತ್ತವರ ಬಗ್ಗೆ ಕೆಟ್ಟದ್ದು ಬರೆಯಬಾರದಂತೆ, ಆದರೂ ಬರೆಯುತ್ತಿದ್ದೇನೆ.

ನನ್ನನ್ನು ಕುಣಿಗಲ್ಲಿಗೇ ಮದುವೆ ಮಾಡಿಕೊಟ್ಟರು. ಹಾಡು ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಭಜನೆಯವರು ಶನಿವಾರ ಶನಿವಾರ ಅದನ್ನು ಹೇಳುತ್ತಿದ್ದರು. ಹರಿಕಥೆಗೆ ಬಂದ ದಾಸರೊಬ್ಬರು, ಬರಿಯ ಕೊಡ ಎಂದರೆ ಜೀವಾತ್ಮ ಎಂದು ಅರ್ಧ ಗಂಟೆ ವ್ಯಾಖ್ಯಾನ ಮಾಡಿದರು. ಹೆಂಗಸರು ಕಣ್ಣೊರೆಸಿಕೊಂಡರು. ಅದೇ ಹೆಂಗಸರು ಬೆಳಿಗ್ಗೆ ಎದ್ದು ಹಿತ್ತಾಳೆ ಕೊಡ ಹಿಡಿದು ಕೆರೆಗೆ ಹೋಗುತ್ತಿದ್ದರು. ಅವರ ಹಾಡನ್ನು ಅವರ ಕೈಯಿಂದಲೇ ಕಿತ್ತುಕೊಂಡವಳು ನಾನು.

ಅರವತ್ತರ ದಶಕದ ಕೊನೆಯಲ್ಲಿ ಮೇಷ್ಟ್ರು ತೀರಿಕೊಂಡ ಸುದ್ದಿ ಬಂತು. ವೈಕುಂಠ ಸಮಾರಾಧನೆಗೆ ಗುಬ್ಬಿಗೆ ಹೋದೆ. ಊಟವಾದ ಮೇಲೆ ಭಜನೆಯವರು ನಡುಮನೆಯಲ್ಲಿ, ಅವರ ಫೋಟೋದ ಮುಂದೆ, ಕೂತರು. ಸಂಗೀತದ ಮೇಷ್ಟ್ರಿಗೆ ಇಷ್ಟವಾಗುತ್ತದೆ ಎಂದು ಆರಿಸಿ ತಂದ ಪದಗಳಂತೆ. ಮೂರನೆಯದು ಅದೇ, ಹರಿಯೇ ನಿನ್ನ ಬಳಿಗೆ ಬಂದೆ. ನಾನು ಮೇಷ್ಟ್ರ ಹೆಂಡತಿಯ ಕಡೆ ನೋಡಿದೆ. ಅವರು ಗೋಡೆಗೆ ಒರಗಿ ಕೂತಿದ್ದವರು ನನ್ನನ್ನೇ ನೋಡುತ್ತಿದ್ದರು. “ನೀನು ಹಾಡಮ್ಮ” ಎಂದರು, ಅಷ್ಟೇ.

ನಾನು ಮುಂದೆ ಹೋಗಿ ಕೂತು ಕೆರೆಯೇ ಎಂದು ಎತ್ತಿಕೊಂಡೆ. ಭಜನೆಯ ಹಿರಿಯರು ತಾಳ ನಿಲ್ಲಿಸಿದರು. ಒಳ್ಳೆಯ ಮನುಷ್ಯ, ಮಾತಿನಲ್ಲಿ ಒಂದಿಷ್ಟೂ ಗಡಸಿರಲಿಲ್ಲ.

“ತಪ್ಪಾಯ್ತು ಕಣ್ರಮ್ಮ. ಅದು ಹರಿಯೇ ಅಂತ.”

“ತಪ್ಪಾಗಿ ಹಾಡಿದ್ದು ನಾನೇ. ಮೊದಲ್ನೇ ಸಲ ಹಾಡಿದಾಗ್ಲೇ ತಪ್ಪಾಗಿ ಹಾಡ್ದೆ” ಎಂದೆ.

ಅವರು ಅದನ್ನು ಕ್ಷಮಾಪಣೆ ಎಂದು ತಿಳಿದುಕೊಂಡರು. “ಪರವಾಗಿಲ್ಲ ಬುಡಿ, ಈಗ ಸರಿಯಾಗಿ ಹಾಡಿ” ಎಂದು ಮತ್ತೆ ತಾಳ ಹಿಡಿದರು.

ಸರಿಯಾಗಿಯೇ ಹಾಡಿದೆ. ಕೆರೆಯೇ ಎಂದಾಗ ತಾಳ ನಿಂತುಹೋಯಿತು, ಯಾರೂ ದನಿಗೂಡಿಸಲಿಲ್ಲ. ಕೊನೆಯ ಸಾಲಿನವರೆಗೂ ಒಬ್ಬಳೇ ಹಾಡಿದೆ.