ದೋನ್ ಅಬುಂದಿಯೊನ ಮೊಸಳೆ

ಸಾಂತಾ ಕ್ರೂಸಿನಲ್ಲಿ ದೋನ್ ಅಬುಂದಿಯೊ ಮರಿಂಬಾ ನುಡಿಸದೆಯೂ ಮದುವೆಯಾದವರಿದ್ದಾರೆ. ಆ ಮದುವೆಗಳನ್ನು ಮದುವೆಯೆಂದು ಅವನು ಒಪ್ಪಿಕೊಂಡಿಲ್ಲ, ಅಷ್ಟೆ. ಅವನ ಕೋಲು ಮರದ ಪಟ್ಟಿಗಳ ಮೇಲೆ ಬಿದ್ದ ಮೇಲೆಯೇ ಹುಡುಗಿ ಮದುಮಗಳಾಗುತ್ತಾಳೆಂಬುದು ಅವನ ಸಿದ್ಧಾಂತ. ಈಗ ಸ್ವಂತ ಮಗಳು ಮಾರಿತ್ಸೆಲಳ ಮದುವೆ ಗೊತ್ತಾಗಿದೆ. ಅವನ ಬಲಗೈ ಮಣಿಕಟ್ಟಿನಲ್ಲೋ ನೇರಳೆ ಬಣ್ಣದ ಗಂಟು. ಹಿಡಿದ ಕೋಲು ಜಾರುತ್ತದೆ.

"ಮೊಸಳೆ ಕಣ್ರಪ್ಪಾ! ಹೊಳೇಲಿ ಹಿಡ್ಕೊಂಡ್ಬಿಡ್ತು. ನಾನು ಬಿಡ್ಲಿಲ್ಲ," ಎನ್ನುತ್ತಿದ್ದ ಕೇಳಿದವರಿಗೆಲ್ಲ.

ಡಾಕ್ಟರ್ ಯೊರ್ಲೆನಿಗೆ ಮಾತ್ರ ಅನುಮಾನ. "ಹಲ್ಲಿನ ಗುರುತು ಇಷ್ಟು ಸಣ್ಣದಾ?"

"ಮರಿ, ಡಾಕ್ಟ್ರಮ್ಮಾ. ಕೋಪ ದೊಡ್ಡದು."

ಹೊಳೆನೀರಿನ ಕ್ರಿಮಿಗೆಂದು ಆಕೆ ಮಾತ್ರೆ ಕೊಟ್ಟಳು, ಬದಲಿಸಿ ಕೊಟ್ಟಳು. ಗಂಟಿನ ಚೂರನ್ನು ಪರೀಕ್ಷೆಗೆ ಕಳಿಸಿದರೆ ಯಾವ ಕ್ರಿಮಿಯೂ ಸಿಗಲಿಲ್ಲ. ಗಂಟು ಮಾತ್ರ ಮೈತುಂಬಿಕೊಂಡಿತು. ಕೊನೆಗೆ, "ಮುಂದಿನ ವಾರ ಪಟ್ಟಣಕ್ಕೆ ಹೋಗಿ ಕೊಯ್ಸ್ಬೇಕು. ಆಮೇಲೆ ಬೆರಳು ಮೊದಲಿನ ಹಾಗೆ ಆಡೋದು ಅನುಮಾನ," ಎಂದಳು.

ಆ ಭಾನುವಾರ ಗಂಡಿನ ಕಡೆಯವರು ಮಾತುಕತೆಗೆ ಬಂದರು. ಡಾಕ್ಟರಿಗೂ ಊಟಕ್ಕೆ ಕರೆಯಿತ್ತು. ಮರಿಂಬಾ ಮುಂದೆ ಬೇರೆ ಯಾರೋ ನಿಂತಿದ್ದರು. ಅಬುಂದಿಯೊ ಕುರ್ಚಿಯಲ್ಲಿ ಕುಳಿತು ಬೀಗರ ಮುಂದೆ ಮೊಸಳೆಯನ್ನು ಇನ್ನೊಂದು ಮೊಳ ಬೆಳೆಸುತ್ತಿದ್ದ. ಅವನ ಹೆಂಡತಿ ಎದುವಿಹೆಸ್ ಅಡುಗೆಮನೆಯಿಂದ ಬಂದು ಕೈ ಎತ್ತಿದಳು.

"ಬೊಂಬಾ!"

ಹಾಗೆ ಕೂಗಿದರೆ ವಾದ್ಯ ನಿಲ್ಲಲೇಬೇಕು, ಕೂಗಿದವರು ಪದ ಕಟ್ಟಿ ಹೇಳಲೇಬೇಕು, ಯಾರನ್ನು ಚುಚ್ಚಿದರೋ ಅವರು ನಗಲೇಬೇಕು.

"ಮೊಸಳೆಯ ಗೆದ್ದ ನನ್ ಗಂಡ ಶೂರ,
ಕತೆ ಕೇಳಿ ಊರೇ ನಿಂತಿತು ದೂರ.
ಮಾವಿನ ಹಣ್ಣಿಗೆ ಮರದಡಿ ಕುಸ್ತಿ,
ಕಚ್ಚಿದ್ದು ಇಗುವಾನಾ, ಬಡಾಯಿಯೇ ಜಾಸ್ತಿ!"

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಓತಿಕ್ಯಾತನ ದೊಡ್ಡಣ್ಣನಂಥ ಆ ಸೊಪ್ಪು ತಿನ್ನುವ ಪ್ರಾಣಿಗೆ ಊರಲ್ಲಿ ಮಕ್ಕಳೂ ಹೆದರುವುದಿಲ್ಲ. ನಗದಿದ್ದವಳು ಡಾಕ್ಟರ್ ಒಬ್ಬಳೇ. ತಟ್ಟೆ ಕೆಳಗಿಟ್ಟು ಎದ್ದಳು.

"ಇಗುವಾನಾನಾ? ನಿಜ ಹೇಳಿ, ದೋನ್ ಅಬುಂದಿಯೊ."

"ದೊಡ್ಡ ಇಗುವಾನಾ," ಎಂದು ಅವನು ಚೌಕಾಸಿಗಿಳಿದ.

"ಯಾವಾಗ?"

"ಮಾವಿನ ಕಾಲ್ದಲ್ಲಿ," ಎಂದಳು ಎದುವಿಹೆಸ್. "ಗಾಯ ಆಗ್ಲೇ ಮಾಯ್ದಿತ್ತು. ತಿಂಗಳುಗಟ್ಲೆ ಆದ್ಮೇಲೆ ಗಂಟು ಬಂತು, ಗಂಟಿನ ಹಿಂದೇನೇ ಮೊಸಳೆ ಬಂತು."

"ಅಯ್ಯೋ ಮಹಾರಾಯ್ರೇ!" ಎಂದಳು ಡಾಕ್ಟರ್. "ಅಪರೂಪಕ್ಕೆ ಅದರ ಬಾಯಲ್ಲಿ ಕ್ಷಯದ ಕ್ರಿಮಿಯ ದಾಯಾದಿ ಒಂದಿರುತ್ತೆ. ಬಲು ಸೋಮಾರಿ. ಪರೀಕ್ಷೆಗೆ ಕೊಟ್ಟ ಚೂರನ್ನ ತಂಪಲ್ಲಿಟ್ರೆ ನಿಧಾನಕ್ಕೆ ಬೆಳೆಯುತ್ತೆ, ಬೆಚ್ಚಗಿಟ್ರೆ ಮುಖಾನೇ ತೋರ್ಸಲ್ಲ. ನಾವು ಬೆಚ್ಚಗಿಟ್ಟು ಹುಡುಕಿದ್ವಿ! ಅದಕ್ಕೆ ಮಾತ್ರೆನೇ ಬೇರೆ."

ಗಂಟಿನ ಚೂರನ್ನು ಮತ್ತೆ ಪರೀಕ್ಷೆಗೆ ಕಳಿಸಿ ತಂಪಿನಲ್ಲಿಡಿಸಿದರು. ವಾರಗಳ ಮೇಲೆ ಸೋಮಾರಿ ಸಿಕ್ಕಿಬಿದ್ದ. ಕತ್ತಿಯ ಮಾತು ಅಲ್ಲಿಗೇ ನಿಂತಿತು. ಹೊಸ ಮಾತ್ರೆಗೆ ತಿಂಗಳುಗಳೇ ಬೇಕೆಂದಾಗ ಮಾರಿತ್ಸೆಲ್ ಮದುವೆಯನ್ನೇ ಮುಂದಕ್ಕೆ ಹಾಕಿದಳು. "ಕಾಯ್ತೀನಿ," ಎಂದ ಹುಡುಗ. ಮಾವನ ಸಿದ್ಧಾಂತ ಅವನಿಗೂ ಗೊತ್ತಿತ್ತು.

ಮದುವೆಯ ದಿನ ಗಂಟು ಕರಗಿ ಬರೀ ಕಲೆಯಾಗಿತ್ತು. ಅಬುಂದಿಯೊ ಕೋಲು ಎತ್ತಿಕೊಂಡವನು ಕೆಳಗಿಡಲೇ ಇಲ್ಲ. ಊಟ ಆರಿತು, ಪಾದ್ರಿ ಹೊರಟುಹೋದರು, ಮದುಮಗಳು ಚಪ್ಪಲಿ ಕಳಚಿದಳು.

"ಅಪ್ಪಾ, ಸಾಕಪ್ಪಾ! ಕುಣಿದೂ ಕುಣಿದೂ ಕಾಲು ಬಿದ್ದೋಯ್ತು!"

"ಬರಿಗಾಲಲ್ಲಿ ಕುಣಿ ಮಗಳೇ," ಎಂದ ಅಬುಂದಿಯೊ, ಇನ್ನೂ ಜೋರಾದ ಗತ್ತು ಹಿಡಿಯುತ್ತ. "ಕೈ ಈಗ ತಾನೇ ಬಿಸಿಯಾಗ್ತಿದೆ."