ಒಂದೇ ಸುಳ್ಳು ಹೇಳುವ ಯಂತ್ರ

ಮೊಬೈಲ್ ರಿಪೇರಿ ಮಾಡುವ ಆಕೆಯನ್ನು ಬೀದಿಯವರೆಲ್ಲ ಚಿಪ್ಪಕ್ಕ ಎಂದೇ ಕರೆಯುತ್ತಿದ್ದರು. ಅಂದು ಕೈಕೊಟ್ಟಿದ್ದು ಅವಳ ಮನೆಯದೇ ಯಂತ್ರ: ಅಪ್ಪನಿಗೆ ಆಮ್ಲಜನಕ ಕೊಡುವ ಪೆಟ್ಟಿಗೆ. ಅದರ ಬೋರ್ಡಿನಲ್ಲಿ ಒಂದು ಚಿಪ್ ಸುಟ್ಟಿತ್ತು. ಬದಲಿ ಚಿಪ್ ಅವಳ ಡಬ್ಬಿಯಲ್ಲೇ ಇತ್ತು. ಬೆಸುಗೆ ಕರಗಿಸಿ ಅದನ್ನು ಕೂರಿಸಲು ಬೇಕಾದ ಬಿಸಿಗಾಳಿ ಯಂತ್ರವೇ ಹಿಂದಿನ ವಾರ ಕೆಟ್ಟು ಕೂತಿತ್ತು. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿಲ್ಲ, ಎರವಲು ತಂದ ಸಿಲಿಂಡರ್ ಸಣ್ಣಗೆ ಬಿಟ್ಟರೂ ಸಂಜೆಯವರೆಗೆ ಸಾಲಿದರೆ ಪುಣ್ಯ.

ಬಿಡಿಭಾಗಗಳ ಅಂಗಡಿಯಲ್ಲಿ ಅವಳ ಕೈಗೆಟಕುವ ಬೆಲೆಯ ಬಿಸಿಗಾಳಿ ಯಂತ್ರಗಳು ಎರಡೇ ಇದ್ದವು. ಎರಡನ್ನೂ ಮುನ್ನೂರೈವತ್ತು ಡಿಗ್ರಿಗೆ ಇಟ್ಟು, ಮೂತಿಯ ಕೆಳಗೆ ಕಾಗದದ ಚೂರು ಹಿಡಿದಳು. ಮೊದಲನೆಯದು ಒಮ್ಮೆ ಕಾಗದವನ್ನು ಕರಕಲು ಮಾಡಿತು, ಮತ್ತೊಮ್ಮೆ ಬಣ್ಣವೂ ಬದಲಾಗಲಿಲ್ಲ. ಎರಡನೆಯದು ಎಷ್ಟು ಸಲ ಹಿಡಿದರೂ ಅದೇ ತೆಳು ಹಳದಿ.

"ಅಪ್ಪ ಅಲ್ಲಿ ಏದುಸಿರು ಬಿಡ್ತಿದ್ದಾರೆ, ನೀನಿಲ್ಲಿ ಕಾಗದ ಸುಡ್ತಾ ನಿಂತಿದೀಯ!" ಜೊತೆಗೆ ಬಂದಿದ್ದ ಅಣ್ಣ ಸಿಡುಕಿದ. "ಇದೂ ಅಂಕಿ ತೋರಿಸಿದಷ್ಟು ಕಾಯ್ತಾ ಇಲ್ಲ. ಇದೂ ಸುಳ್ಳೇ."

"ಸುಳ್ಳೇ ಕಣಣ್ಣ. ಆದ್ರೆ ಪ್ರತಿ ಸಲ ಅಷ್ಟೇ ಸುಳ್ಳು ಹೇಳುತ್ತೆ. ಅಂಥವರ ಜೊತೆ ಸಂಸಾರ ಮಾಡಬಹುದು."

ಅಂಗಡಿಯವನು ನಕ್ಕ. ಅಣ್ಣ ನಗಲಿಲ್ಲ.

ಎರಡನೆಯದನ್ನೇ ಕೊಂಡು ಮನೆಗೆ ಬಂದಳು. ಆಮ್ಲಜನಕದ ಹತ್ತಿರ ಬಿಸಿಗಾಳಿ ಕೂಡದೆಂದು ಹೊರಗಿನ ವರಾಂಡದಲ್ಲಿ ಮೇಜು ಹಾಕಿಕೊಂಡಳು. ಕಿಟಕಿಯಾಚೆ ಹಾಸಿಗೆಯಲ್ಲಿ ಒರಗಿದ್ದ ಅಪ್ಪ ಇತ್ತಲೇ ನೋಡುತ್ತಿದ್ದ. ನಿಜವಾದ ಮುನ್ನೂರೈವತ್ತಕ್ಕೆ ಬರುವುದೆಂದು ತನಗೆ ಗೊತ್ತಿರುವ ಕಂದು ಬಣ್ಣಕ್ಕೆ ಕಾಗದ ಬರುವವರೆಗೆ ಅಂಕಿ ಏರಿಸಿದಳು. ನಾನೂರಿಪ್ಪತ್ತಾಯಿತು. ಬೋರ್ಡಿನ ಮೇಲೆ ಗಾಳಿ ಹಿಡಿದಳು.

ಅಣ್ಣನ ಕಣ್ಣು ಅಂಕಿಯ ಮೇಲೆ ಬಿತ್ತು. "ಅಯ್ಯೋ, ಸುಟ್ಟೇ ಹೋಗುತ್ತೆ ಕಣೇ!" ಎಂದವನೇ ಗುಂಡಿಗೆ ಕೈ ಹಾಕಿದ.

ಬೆಸುಗೆ ಆಗಷ್ಟೇ ಕರಗತೊಡಗಿತ್ತು. ಈಗ ಶಾಖ ತಗ್ಗಿದರೆ ಎತ್ತುವಾಗ ಚಿಪ್ಪಿನ ಜೊತೆ ಬೋರ್ಡಿನ ತಾಮ್ರವೂ ಕಿತ್ತು ಬರುತ್ತದೆ, ಆಮೇಲೆ ಬ್ರಹ್ಮ ಬಂದರೂ ಸರಿಯಾಗದು. ಎಡಗೈಯಿಂದ ಅಣ್ಣನ ಕೈಗೆ ಫಟಾರನೆ ಬಾರಿಸಿದಳು. "ಮುಟ್ಟಬೇಡ!"

ಅವನು ಹಿಂದೆ ಸರಿದ. ಅವಳಿಗೂ ಅದೇ ಭಯ: ಯಂತ್ರ ಇದೊಂದು ಸಲ ನಿಜ ಹೇಳುತ್ತಿದ್ದರೆ? ಚಿಮುಟದಿಂದ ಮೆಲ್ಲಗೆ ಎತ್ತಿದಳು. ಹಳೆಯ ಚಿಪ್ ಬಿಡಿಸಿಕೊಂಡು ಬಂತು. ಹೊಸದು ಕೂತಿತು.

ಬೋರ್ಡು ಆರಿದ ಮೇಲೆ ಒಳಗೆ ಒಯ್ದು ಜೋಡಿಸಿ ಸ್ವಿಚ್ ಒತ್ತಿದಾಗ ಪೆಟ್ಟಿಗೆ ಗುರ್ ಎಂದಿತು. ಅಣ್ಣ ಸಿಲಿಂಡರಿನದನ್ನು ತೆಗೆದು ಪೆಟ್ಟಿಗೆಯ ನಳಿಕೆಯನ್ನು ಅಪ್ಪನ ಮೂಗಿಗೆ ಸಿಕ್ಕಿಸಿದ. ಅಪ್ಪ ಬಹಳ ಹೊತ್ತು ಉಸಿರೆಳೆದುಕೊಂಡ. ತುಟಿಗೆ ಬಣ್ಣ ಬಂತು. ಆಮೇಲೆ ಮಗಳತ್ತ ತಿರುಗಿದ.

"ಅಣ್ಣನ ಮೇಲೆ ಕೈ ಮಾಡ್ತಾರೇನೇ? ಬುದ್ಧಿ ಬೇಡ್ವಾ ನಿಂಗೆ?"

ಬೆಳಗಿನಿಂದ ಅಪ್ಪ ಒಂದು ವಾಕ್ಯ ಪೂರ್ತಿ ಆಡಿರಲಿಲ್ಲ. ಚಿಪ್ಪಕ್ಕ ನೆಲಕ್ಕೆ ಕುಸಿದು ಜೋರಾಗಿ ಅತ್ತುಬಿಟ್ಟಳು.

"ಬೈಯಪ್ಪಾ," ಎಂದ ಅಣ್ಣ, ತಂಗಿಯ ಪಕ್ಕ ಕೂರುತ್ತ. "ಇನ್ನೂ ಬೈಯಿ."